ದೂರೂ ಒಂದು ಸಂದಾಯವೇ: ಮುಕ್ತ ತಂತ್ರಾಂಶ ಬಳಸುವ ವರ್ತಕರ ಹೊಣೆ

ವ್ಯಾಪಾರಸ್ಥರಿಗೆ ಪುಕ್ಕಟೆ ಎಂಬ ಪದದ ಬಗ್ಗೆ ಸಹಜವಾಗಿಯೇ ಅನುಮಾನವಿರುತ್ತದೆ. ಬೆಲೆಯಿಲ್ಲದೆ ಬಂದ ಸರಕಿನ ಹಿಂದೆ ಯಾವುದೋ ಲೆಕ್ಕ ಅಡಗಿರುತ್ತದೆಂಬುದು ಅವರ ಅನುಭವ. ಆದರೆ ಗಣಕಯಂತ್ರದ ತಂತ್ರಾಂಶಗಳ ವಿಷಯ ಬಂದಾಗ ಈ ಎಚ್ಚರ ಮರೆಯಾಗುವುದುಂಟು. ಪತ್ರ ವ್ಯವಹಾರಕ್ಕೆ ಲಿಬ್ರೆ ಆಫೀಸ್, ಜಾಲತಾಣ ನೋಡಲು ಫೈರ್‌ಫಾಕ್ಸ್, ಸರ್ವರ್‌ಗಳಲ್ಲಿ ಲಿನಕ್ಸ್, ದಾಸ್ತಾನು ಮತ್ತು ಲೆಕ್ಕಪತ್ರಗಳಿಗೆ ಮುಂಬೈಯ ಫ್ರಾಪೆ ಸಂಸ್ಥೆಯ ಇ.ಆರ್.ಪಿ.ನೆಕ್ಸ್ಟ್, ಇವೆಲ್ಲವೂ ಪರವಾನಗಿ ಶುಲ್ಕವಿಲ್ಲದೆ ದೊರೆಯುವ ಮುಕ್ತ ತಂತ್ರಾಂಶಗಳು. ಆಂಡ್ರಾಯ್ಡ್ ದೂರವಾಣಿಯ ಒಡಲಲ್ಲಿ ಕೆಲಸ ಮಾಡುತ್ತಿರುವುದೂ ಲಿನಕ್ಸ್ ತಿರುಳೇ ಆಗಿರುವುದರಿಂದ, ತಾನು ಮುಕ್ತ ತಂತ್ರಾಂಶ ಬಳಸುತ್ತಿಲ್ಲವೆಂದು ಖಚಿತವಾಗಿ ಹೇಳಬಲ್ಲ ವರ್ತಕ ಇಂದು ವಿರಳ.

ಇವುಗಳಿಗೆ ಹಣ ಕೊಡಬೇಕಾಗಿಲ್ಲ ಎಂಬುದು ನಿಜ. ಏನನ್ನೂ ಕೊಡಬೇಕಾಗಿಲ್ಲ ಎಂಬುದು ಮಾತ್ರ ನಿಜವಲ್ಲ. ದೋಷ ಕಂಡಾಗ ಅದನ್ನು ಸರಿಯಾದ ಸ್ಥಳಕ್ಕೆ, ಸರಿಯಾದ ರೀತಿಯಲ್ಲಿ ತಿಳಿಸುವುದೇ ಈ ವ್ಯವಸ್ಥೆಯಲ್ಲಿ ಬಳಕೆದಾರನು ಸಲ್ಲಿಸಬೇಕಾದ ಸಂದಾಯ. ಸಣ್ಣ ವರ್ತಕರು ಮತ್ತು ಉದ್ದಿಮೆದಾರರಲ್ಲಿ ಹೆಚ್ಚಿನವರು ಈ ಸಂದಾಯವನ್ನು ಸಲ್ಲಿಸುತ್ತಿಲ್ಲ. ಅದರಿಂದಾಗುವ ನಷ್ಟ ಮೊದಲು ತಟ್ಟುವುದು ಅವರಿಗೇ.

ಮಾರಾಟಗಾರನಿಲ್ಲದ ಸರಕು

ಸಾಮಾನ್ಯ ವ್ಯವಹಾರದಲ್ಲಿ ಕೊಳ್ಳುವವನಿಗೆ ಕಾನೂನಿನ ಆಸರೆಯಿದೆ. ಸರಕು ಮಾರಾಟ ಅಧಿನಿಯಮ 1930ರ ಅನ್ವಯ, ಸರಕಿನ ಗುಣಮಟ್ಟ ಮತ್ತು ಉಪಯುಕ್ತತೆಯ ಬಗ್ಗೆ ಕೆಲವು ಸಂದರ್ಭಗಳಲ್ಲಿ ಮಾರುವವನು ಹೊಣೆಗಾರನಾಗುತ್ತಾನೆ. ಮುಕ್ತ ತಂತ್ರಾಂಶವನ್ನು ಇಳಿಸಿಕೊಳ್ಳುವಾಗ ಮಾರುವವನೇ ಇರುವುದಿಲ್ಲ. ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಅನುಮತಿ ನೀಡುವ ಪರವಾನಗಿಯೇ, ತಂತ್ರಾಂಶವು ಇದ್ದಂತೆಯೇ ಕೊಡಲ್ಪಟ್ಟಿದೆ, ಯಾವುದೇ ಖಾತರಿಯಿಲ್ಲ ಎಂದೂ ಸ್ಪಷ್ಟಪಡಿಸುತ್ತದೆ. ಲಿನಕ್ಸ್ ಮತ್ತು ಇ.ಆರ್.ಪಿ.ನೆಕ್ಸ್ಟ್‌ಗಳು ಅನುಸರಿಸುವ ಜಿ.ಪಿ.ಎಲ್. ಪರವಾನಗಿಯಲ್ಲಿ ಈ ಷರತ್ತನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸಲಾಗಿದೆ. ಅದನ್ನು ಓದುವವರು ಕಡಿಮೆ.

ಇನ್ನೊಂದೆಡೆ, ಲೆಕ್ಕಪತ್ರಗಳ ಹೊಣೆ ವರ್ತಕನ ಮೇಲಿಂದ ಕದಲುವುದಿಲ್ಲ. 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದೀಚೆಗೆ, ಲೆಕ್ಕ ಬರೆಯಲು ತಂತ್ರಾಂಶ ಬಳಸುವ ಪ್ರತಿಯೊಂದು ಕಂಪನಿಯೂ, ಅದು ಪ್ರೈವೇಟ್ ಲಿಮಿಟೆಡ್ ಆಗಿದ್ದರೂ, ಪ್ರತಿ ನಮೂದಿನ ತಿದ್ದುಪಡಿಯ ಜಾಡು ದಾಖಲಾಗುವ ತಂತ್ರಾಂಶವನ್ನೇ ಬಳಸಬೇಕು. ಜಾಡು ದಾಖಲಾಗಲಿಲ್ಲವೆಂದಾಗ, ತಂತ್ರಾಂಶ ಪುಕ್ಕಟೆಯಾಗಿ ಬಂದದ್ದು ಎಂಬ ಸಮಜಾಯಿಷಿಯನ್ನು ಲೆಕ್ಕಪರಿಶೋಧಕನೂ ಒಪ್ಪುವಂತಿಲ್ಲ, ಇಲಾಖೆಯೂ ಒಪ್ಪುವುದಿಲ್ಲ. ಹೊಣೆ ಪೂರ್ತಿಯಾಗಿ ಒಂದು ಕಡೆ, ಖಾತರಿ ಯಾವ ಕಡೆಯೂ ಇಲ್ಲ. ಈ ಎರಡರ ನಡುವೆ ವರ್ತಕನ ಕೈಯಲ್ಲಿ ಉಳಿದಿರುವ ಮುಖ್ಯ ಸಾಧನವೆಂದರೆ ದೋಷದ ವರದಿ.

ದೂರುಗಳಿಗೊಂದು ಬಹಿರಂಗ ದಿನಚರಿ

ಬಳಕೆದಾರರ ಅಭಿಪ್ರಾಯ ಕೇಳುವುದು ಮುಕ್ತ ತಂತ್ರಾಂಶಕ್ಕೆ ಆಮೇಲೆ ಅಂಟಿಕೊಂಡ ಪದ್ಧತಿಯಲ್ಲ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಸಿದ್ಧಪಡಿಸುತ್ತಿದ್ದ ಕಾರ್ಯಾಚರಣಾ ವ್ಯವಸ್ಥೆಯ ಸುದ್ದಿಯನ್ನು ಮೊದಲ ಬಾರಿಗೆ ಪ್ರಕಟಿಸಿದಾಗ, ಜನರಿಗೆ ಯಾವ ಸೌಲಭ್ಯಗಳು ಬೇಕೆಂದು ಅದೇ ಪತ್ರದಲ್ಲಿ ವಿಚಾರಿಸಿದ್ದರು. ಮುಂದೆ ಲಿನಕ್ಸ್ ಎಂದು ಹೆಸರಾದದ್ದು ಆ ವ್ಯವಸ್ಥೆಯೇ. 1998ರಲ್ಲಿ ನೆಟ್‌ಸ್ಕೇಪ್ ಕಂಪನಿಯು ತನ್ನ ಬ್ರೌಸರಿನ ಮೂಲ ಸಂಕೇತವನ್ನು ಬಹಿರಂಗಪಡಿಸಿದಾಗ, ದೂರುಗಳನ್ನು ದಾಖಲಿಸಿಕೊಳ್ಳಲು ಬಗ್‌ಜಿಲ್ಲಾ ಎಂಬ ವ್ಯವಸ್ಥೆಯೂ ಹೊರಬಂದಿತು. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಲೆಕ್ಕಪತ್ರ ತಂತ್ರಾಂಶವಾದ ಗ್ನೂಕ್ಯಾಶ್ ಮುಂತಾದವು ಈ ವ್ಯವಸ್ಥೆಯನ್ನೇ ಬಳಸುತ್ತಿವೆ. 2008ರಲ್ಲಿ ಆರಂಭವಾಗಿ, 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಶವಾದ ಗಿಟ್‌ಹಬ್ ಇಂತಹ ವರದಿಗಳ ಮತ್ತೊಂದು ದೊಡ್ಡ ಕೇಂದ್ರ. ಇ.ಆರ್.ಪಿ.ನೆಕ್ಸ್ಟ್‌ನ ದೋಷಗಳು ದಾಖಲಾಗುವುದು ಅಲ್ಲಿಯೇ.

ಈ ವ್ಯವಸ್ಥೆಯನ್ನು ಕಚೇರಿಯ ಆವಕ ದಿನಚರಿಗೆ ಹೋಲಿಸಬಹುದು. ಬಂದ ಪ್ರತಿ ವರದಿಗೂ ಒಂದು ಸಂಖ್ಯೆ ಬೀಳುತ್ತದೆ. ಅದು ನಿಜವೇ ಎಂದು ಯಾರಾದರೊಬ್ಬರು ಪರೀಕ್ಷಿಸುತ್ತಾರೆ. ದೃಢಪಟ್ಟರೆ ಕೆಲಸ ಒಬ್ಬರಿಗೆ ಒಪ್ಪಿತವಾಗುತ್ತದೆ, ಪರಿಹಾರವಾದಾಗ ಮುಕ್ತಾಯವೆಂದು ಗುರುತಾಗುತ್ತದೆ. ಹಿಂದೆಯೇ ಬಂದಿದ್ದ ದೂರಾದರೆ ಅದರೊಂದಿಗೆ ಜೋಡಿಸಲ್ಪಡುತ್ತದೆ. ಸರಕಾರಿ ಕಚೇರಿಯ ದಿನಚರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿಯ ಕಡತ ಎಲ್ಲರಿಗೂ ತೆರೆದಿರುತ್ತದೆ. ಹುಬ್ಬಳ್ಳಿಯ ಬಳಕೆದಾರ ಬರೆದ ದೂರನ್ನು ಬರ್ಲಿನ್‌ನ ತಂತ್ರಜ್ಞ ಓದುತ್ತಾನೆ, ಅದೇ ತೊಂದರೆಯಿರುವ ಬ್ರೆಜಿಲ್‌ನ ವ್ಯಾಪಾರಿ ತನ್ನ ಮಾಹಿತಿಯನ್ನೂ ಸೇರಿಸುತ್ತಾನೆ. ಒಬ್ಬನಿಗೆ ದೊರೆತ ಪರಿಹಾರ ಎಲ್ಲರಿಗೂ ದೊರೆತಂತೆಯೇ.

ಸರಕಿನ ಕೊರತೆ ತಿಳಿಸುವ ಕ್ರಮವೇ ಸಾಕು

ದೋಷ ವರದಿ ಬರೆಯಲು ಎಂಜಿನಿಯರಿಂಗ್ ಪದವಿ ಬೇಕೆಂಬುದು ತಪ್ಪು ತಿಳಿವಳಿಕೆ. ವರ್ತಕನಿಗೆ ಈ ವಿದ್ಯೆ ಆಗಲೇ ಕರಗತವಾಗಿದೆ. ನೂರು ಮೂಟೆಗೆ ಬಿಲ್ಲು ಬಂದು, ಲಾರಿಯಿಂದ ತೊಂಬತ್ತೆಂಟು ಇಳಿದರೆ ಅವನು ಸರಬರಾಜುದಾರನಿಗೆ ನಿಮ್ಮ ವ್ಯವಹಾರ ಸರಿಯಿಲ್ಲ ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ. ಬಿಲ್ಲಿನ ಸಂಖ್ಯೆ, ದಿನಾಂಕ, ಲಾರಿ ರಸೀದಿಯ ಸಂಖ್ಯೆ, ಬರಬೇಕಾದದ್ದೆಷ್ಟು, ಬಂದದ್ದೆಷ್ಟು ಎಂಬುದನ್ನು ಬರೆದು, ತೂಕದ ಚೀಟಿಯನ್ನು ಲಗತ್ತಿಸುತ್ತಾನೆ. ಅಂತಹ ಪತ್ರಕ್ಕೆ ಉತ್ತರ ಬಾರದೆ ಇರುವುದು ಅಪರೂಪ.

ತಂತ್ರಾಂಶದ ದೋಷ ವರದಿಗೂ ಇದೇ ಅಂಗಗಳು. ತಂತ್ರಾಂಶದ ಹೆಸರು ಮತ್ತು ಆವೃತ್ತಿಯ ಸಂಖ್ಯೆ, ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆ, ದೋಷ ಮತ್ತೆ ಕಾಣಿಸಿಕೊಳ್ಳುವಂತೆ ಮಾಡುವ ಹಂತಗಳು, ನಿರೀಕ್ಷಿಸಿದ ಫಲಿತಾಂಶ, ನಿಜವಾಗಿ ದೊರೆತ ಫಲಿತಾಂಶ, ಪರದೆಯ ಚಿತ್ರ, ಇಷ್ಟಿದ್ದರೆ ವರದಿ ಪೂರ್ಣ.

ಒಂದು ಉದಾಹರಣೆಯನ್ನು ಗಮನಿಸಬಹುದು. ಬಿಲ್ಲಿನಲ್ಲಿ ತಲಾ 100 ರೂಪಾಯಿ 5 ಪೈಸೆಯ ಮೂರು ವಸ್ತುಗಳಿವೆ, ಸಿ.ಜಿ.ಎಸ್.ಟಿ. ಶೇಕಡ 9 ಎಂದಿಟ್ಟುಕೊಳ್ಳೋಣ. ಪ್ರತಿ ಸಾಲಿಗೆ ತೆರಿಗೆ ಹಾಕಿ ಪೈಸೆಗೆ ಸರಿಪಡಿಸಿದರೆ ಸಾಲಿಗೆ 9 ರೂಪಾಯಿಯಂತೆ ಒಟ್ಟು 27 ರೂಪಾಯಿ. ಮೊದಲು ಮೊತ್ತ ಕೂಡಿಸಿ, 300 ರೂಪಾಯಿ 15 ಪೈಸೆಗೆ ತೆರಿಗೆ ಹಾಕಿದರೆ 27 ರೂಪಾಯಿ 1 ಪೈಸೆ. ಮುದ್ರಿತ ಬಿಲ್ಲು ಒಂದು ಕ್ರಮವನ್ನು, ಲೆಡ್ಜರು ಇನ್ನೊಂದನ್ನು ಅನುಸರಿಸಿದರೆ ಬಿಲ್ಲಿಗೊಂದು ಪೈಸೆಯ ವ್ಯತ್ಯಾಸ ಉಳಿಯುತ್ತದೆ. ಎಸ್.ಜಿ.ಎಸ್.ಟಿ.ಯಲ್ಲಿಯೂ ಅಷ್ಟೇ. ಮೊತ್ತ ಕ್ಷುಲ್ಲಕ. ಆದರೆ ಸಾವಿರಾರು ಬಿಲ್ಲುಗಳ ನಂತರ ತಾಳೆ ನೋಡುವ ಗುಮಾಸ್ತನ ಪಾಲಿಗೆ ಅದು ಕ್ಷುಲ್ಲಕವಲ್ಲ.

ಜಿ.ಎಸ್.ಟಿ. ತಪ್ಪು ತೋರಿಸುತ್ತಿದೆ, ತುರ್ತಾಗಿ ಸರಿಪಡಿಸಿ ಎಂದು ಬರೆದರೆ ನಿರ್ವಾಹಕನಿಗೆ ಏನೂ ತಿಳಿಯುವುದಿಲ್ಲ. ಮೇಲಿನ ಮೂರು ಸಾಲುಗಳು, ಎರಡು ಮೊತ್ತಗಳು, ಆವೃತ್ತಿಯ ಸಂಖ್ಯೆ, ಇವಿಷ್ಟನ್ನು ಬರೆದರೆ ಜಗತ್ತಿನ ಯಾವ ಮೂಲೆಯಲ್ಲಿರುವ ತಂತ್ರಜ್ಞನೂ ಅದನ್ನು ತನ್ನ ಯಂತ್ರದಲ್ಲಿ ಮಾಡಿ ನೋಡಬಲ್ಲ. ಇದು ದೋಷವಲ್ಲ, ಒಂದು ಆಯ್ಕೆಯನ್ನು ಬದಲಾಯಿಸಿದರೆ ಸರಿಹೋಗುತ್ತದೆ ಎಂಬ ಉತ್ತರವೂ ಬರಬಹುದು. ಅದೂ ಲಾಭವೇ. ಒಂದು ವರದಿಯಲ್ಲಿ ಒಂದೇ ದೋಷ, ಬರೆಯುವ ಮುನ್ನ ಹಳೆಯ ವರದಿಗಳಲ್ಲಿ ಹುಡುಕಾಟ, ಸಾಧ್ಯವಾದರೆ ಇತ್ತೀಚಿನ ಆವೃತ್ತಿಯಲ್ಲಿ ಮರುಪರೀಕ್ಷೆ, ಈ ಮೂರು ಶಿಸ್ತುಗಳು ಇಬ್ಬರ ಸಮಯವನ್ನೂ ಉಳಿಸುತ್ತವೆ.

ಒಂದೇ ಪ್ರಕರಣ, ಎರಡು ಬಗೆಯ ದೂರು

ದೂರಿನ ರೀತಿ ಎಷ್ಟು ಮುಖ್ಯವೆಂಬುದಕ್ಕೆ 2024ರ ಎಕ್ಸ್‌.ಜೆಡ್‌. ಪ್ರಕರಣಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಎಕ್ಸ್‌.ಜೆಡ್‌. ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಲಿನಕ್ಸ್ ಆಧಾರಿತ ಅಸಂಖ್ಯ ಯಂತ್ರಗಳಲ್ಲಿ ಅದು ಅಡಕವಾಗಿದೆ. ಅದನ್ನು ಬಹುಕಾಲ ನೋಡಿಕೊಂಡು ಬಂದವರು ಲಾಸೆ ಕಾಲಿನ್ ಎಂಬ ಒಬ್ಬರೇ ವ್ಯಕ್ತಿ, ಅದೂ ಸಂಬಳವಿಲ್ಲದೆ. 2022ರಲ್ಲಿ, ಕೆಲಸ ನಿಧಾನವಾಗುತ್ತಿದೆ, ಹೊಸಬರಿಗೆ ಅಧಿಕಾರ ಬಿಟ್ಟುಕೊಡಿ ಎಂದು ಕೆಲವು ಹೆಸರುಗಳಲ್ಲಿ ಅವರ ಮೇಲೆ ಪದೇಪದೇ ಒತ್ತಡದ ಪತ್ರಗಳು ಬಂದವು. ಆ ಪತ್ರಗಳಲ್ಲಿ ನಿರ್ದಿಷ್ಟ ದೋಷದ ವಿವರಕ್ಕಿಂತ ಬೇಸರ ಮತ್ತು ಒತ್ತಾಯಗಳೇ ಹೆಚ್ಚಾಗಿದ್ದವು. ಅವು ಕೃತಕ ಹೆಸರುಗಳಾಗಿದ್ದವೆಂಬುದು ಈಗ ತಜ್ಞರ ಬಲವಾದ ಅನುಮಾನ. ಕ್ರಮೇಣ ಜಿಯಾ ಟಾನ್ ಎಂಬ ಹೆಸರಿನ ಸಹಾಯಕನಿಗೆ ನಿರ್ವಹಣೆಯ ಅಧಿಕಾರ ದೊರೆಯಿತು. 2024ರ ಫೆಬ್ರುವರಿಯಲ್ಲಿ ಹೊರಬಂದ 5.6.0 ಆವೃತ್ತಿಯೊಳಗೆ ಹೊರಗಿನವರು ಯಂತ್ರದೊಳಕ್ಕೆ ನುಸುಳಬಹುದಾದ ಕಳ್ಳಬಾಗಿಲು ಸೇರಿಕೊಂಡಿತು.

ಅದನ್ನು ಹಿಡಿದದ್ದು ಬಳಕೆದಾರನೊಬ್ಬನ ಸೂಕ್ಷ್ಮ ದೃಷ್ಟಿ. ಮೈಕ್ರೋಸಾಫ್ಟ್‌ನಲ್ಲಿ ಉದ್ಯೋಗಿಯಾಗಿದ್ದ, ಪೋಸ್ಟ್‌ಗ್ರೆಸ್ ದತ್ತಸಂಚಯದ ತಂತ್ರಜ್ಞ ಆಂಡ್ರೆಸ್ ಫ್ರಾಯ್ಂಡ್ ತನ್ನ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅಳೆದು ನೋಡಿದರು, ಕಾರಣ ಹುಡುಕುತ್ತ ಎಕ್ಸ್‌.ಜೆಡ್‌.ವರೆಗೆ ಬಂದರು. ಮೊದಲು ಸಂಬಂಧಪಟ್ಟ ಭದ್ರತಾ ತಂಡಗಳಿಗೆ ಗುಟ್ಟಾಗಿ ತಿಳಿಸಿ, 2024ರ ಮಾರ್ಚ್ 29ರಂದು ವಿವರವಾದ ವರದಿಯನ್ನು ಬಹಿರಂಗಪಡಿಸಿದರು. ದೋಷಯುಕ್ತ ಆವೃತ್ತಿಗಳು ವ್ಯಾಪಕ ಬಳಕೆಗೆ ಬರುವ ಮುನ್ನವೇ ಹಿಂದೆಗೆಯಲ್ಪಟ್ಟವು.

ಒಂದೇ ತಂತ್ರಾಂಶ, ಎರಡು ಬಗೆಯ ದೂರುಗಳು. ವಿವರವಿಲ್ಲದ ಒತ್ತಡದ ದೂರು ಕಳ್ಳನಿಗೆ ದಾರಿ ಮಾಡಿಕೊಟ್ಟಿತು. ಅಳತೆಯ ಆಧಾರವಿದ್ದ ದೂರು ಆ ದಾರಿಯನ್ನು ಮುಚ್ಚಿತು.

ಸೌಜನ್ಯವೂ ಲೆಕ್ಕಕ್ಕೆ ಬರುತ್ತದೆ

ನಿರ್ವಾಹಕರನ್ನು ಸಂಬಳದಾಳುಗಳಂತೆ ಕಾಣುವ ದೋಷ ಸಣ್ಣವರಿಗಷ್ಟೇ ಸೀಮಿತವಲ್ಲ. 2022ರ ಜನವರಿಯಲ್ಲಿ ಅಮೆರಿಕದ ಅತಿದೊಡ್ಡ 500 ಕಂಪನಿಗಳಲ್ಲೊಂದು, ಕರ್ಲ್ ಎಂಬ ತಂತ್ರಾಂಶದ ಸ್ವೀಡನ್ನಿನ ನಿರ್ವಾಹಕ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಪ್ರಶ್ನೆಗಳ ಪಟ್ಟಿ ಕಳುಹಿಸಿ, 24 ಗಂಟೆಗಳೊಳಗೆ ಉತ್ತರ ಬೇಕೆಂದು ಕೇಳಿತು. ಆ ಪ್ರಶ್ನೆಗಳು ಲಾಗ್‌4ಜೆ ಎಂಬ ಬೇರೊಂದು ತಂತ್ರಾಂಶದ ದೋಷಕ್ಕೆ ಸಂಬಂಧಿಸಿದ್ದವು. ಕರ್ಲ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಆ ಕಂಪನಿ ಅವರಿಗೆ ಎಂದೂ ಹಣ ಕೊಟ್ಟಿರಲಿಲ್ಲ. ಬೆಂಬಲದ ಒಪ್ಪಂದ ಮಾಡಿಕೊಂಡ ಕೂಡಲೇ ಸಂತೋಷದಿಂದ ಉತ್ತರಿಸುವುದಾಗಿ ಅವರು ತಿಳಿಸಿದರು. ವ್ಯವಹಾರದ ದೃಷ್ಟಿಯಿಂದ ಆ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ.

ಈಚಿನ ವರ್ಷಗಳಲ್ಲಿ ಹೊಸ ಪಿಡುಗೊಂದು ಸೇರಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಯಿಸಿದ, ನೋಡಲು ಅಚ್ಚುಕಟ್ಟಾಗಿರುವ, ಆದರೆ ಇಲ್ಲದ ದೋಷವನ್ನು ವರ್ಣಿಸುವ ವರದಿಗಳು ನಿರ್ವಾಹಕರ ಸಮಯವನ್ನು ನುಂಗುತ್ತಿವೆಯೆಂದು 2024ರಲ್ಲಿಯೇ ಸ್ಟೆನ್‌ಬರ್ಗ್ ಬಹಿರಂಗವಾಗಿ ದೂರಿದ್ದರು. ಭಾಷೆ ತಿದ್ದಿಕೊಳ್ಳಲು ಇಂತಹ ಸಾಧನ ಬಳಸುವುದು ಬೇರೆ. ತಾನು ಕಣ್ಣಾರೆ ಕಾಣದ ದೋಷವನ್ನು ವರದಿ ಮಾಡುವುದು ವೋಚರಿಲ್ಲದೆ ಖರ್ಚು ಬರೆದಂತೆ.

ಬಹಿರಂಗವಾಗಿ ಬರೆಯಬಾರದ ಸಂಗತಿಗಳು

ಕಡತ ಎಲ್ಲರಿಗೂ ತೆರೆದಿರುವುದು ಈ ವ್ಯವಸ್ಥೆಯ ಬಲ. ವರ್ತಕನಿಗೆ ಅಪಾಯವೂ ಅಲ್ಲಿಯೇ ಇದೆ. ವರದಿಯೊಂದಿಗೆ ಲಗತ್ತಿಸುವ ಬಿಲ್ಲಿನ ಚಿತ್ರದಲ್ಲಿ ಗಿರಾಕಿಯ ಹೆಸರು, ಜಿ.ಎಸ್.ಟಿ. ನೋಂದಣಿ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಖರೀದಿ ದರಗಳು ಇರಕೂಡದು. ಕಾಲ್ಪನಿಕ ಹೆಸರು ಮತ್ತು ಅಂಕಿಗಳಿಂದ ಅದೇ ದೋಷವನ್ನು ಮತ್ತೆ ತೋರಿಸಿ, ಆ ಚಿತ್ರವನ್ನು ಕಳುಹಿಸುವುದು ಉತ್ತಮ. ಪಾಸ್‌ವರ್ಡ್‌ಗಳನ್ನಾಗಲಿ, ಇಡೀ ಲೆಕ್ಕಪತ್ರದ ಪ್ರತಿಯನ್ನಾಗಲಿ ಯಾವ ಕಾರಣಕ್ಕೂ ಲಗತ್ತಿಸಬಾರದು.

ಭದ್ರತೆಗೆ ಸಂಬಂಧಿಸಿದ ದೋಷಗಳ ದಾರಿಯೇ ಬೇರೆ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಬಹುದೆಂದು ಕಂಡುಬಂದರೆ ಅದನ್ನು ಬಹಿರಂಗವಾಗಿ ಬರೆಯುವುದು ಕಳ್ಳನಿಗೆ ಕೀಲಿಕೈ ತೋರಿಸಿದಂತೆ. ಬಹುತೇಕ ದೊಡ್ಡ ಯೋಜನೆಗಳಲ್ಲಿ ಇಂತಹ ವರದಿಗಳಿಗೆಂದೇ ಗೋಪ್ಯ ವಿಳಾಸವಿರುತ್ತದೆ. ಕೇಂದ್ರ ಸರಕಾರದ ಸರ್ಟ್‌-ಇನ್ ಸಂಸ್ಥೆಯೂ ಇಂತಹ ಮಾಹಿತಿಯನ್ನು ಸ್ವೀಕರಿಸುತ್ತದೆ. ಮೇಲೆ ಹೇಳಿದ ಲಾಗ್‌4ಜೆ ದೋಷವನ್ನು ಅಲಿಬಾಬಾ ಕಂಪನಿಯ ಭದ್ರತಾ ತಂಡದವರು 2021ರ ನವೆಂಬರ್ 24ರಂದು ಅಪಾಚೆ ಪ್ರತಿಷ್ಠಾನಕ್ಕೆ ಗೋಪ್ಯವಾಗಿಯೇ ತಿಳಿಸಿದ್ದರು. ಡಿಸೆಂಬರ್ ಎರಡನೆಯ ವಾರದಲ್ಲಿ ವಿಷಯ ಬಯಲಾಗುವ ವೇಳೆಗೆ ತಿದ್ದುಪಡಿಯ ಕೆಲಸ ಬಹಳಷ್ಟು ಮುಂದುವರಿದಿತ್ತು.

ಸಮಯವಿಲ್ಲವೆಂಬ ಆಕ್ಷೇಪ

ಅಂಗಡಿ ನಡೆಸುವವನಿಗೆ ಇದಕ್ಕೆಲ್ಲ ಬಿಡುವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಲೆಕ್ಕದಲ್ಲಿಯೇ ಉತ್ತರ ಹುಡುಕಬಹುದು. ಒಂದು ದೋಷವನ್ನು ಸರಿದೂಗಿಸಲು ಗುಮಾಸ್ತ ದಿನಕ್ಕೆ 15 ನಿಮಿಷ ಕೈಯಿಂದ ತಿದ್ದುತ್ತಾನೆಂದರೆ, 300 ಕೆಲಸದ ದಿನಗಳಿಗೆ 75 ಗಂಟೆಗಳಾದವು. ಒಳ್ಳೆಯ ವರದಿಯೊಂದಕ್ಕೆ ಹಿಡಿಯುವುದು ಒಂದೆರಡು ಗಂಟೆ. ವರದಿ ಕಳುಹಿಸಿದ ಮಾತ್ರಕ್ಕೆ ದೋಷ ಸರಿಹೋಗುತ್ತದೆಂಬ ಭರವಸೆಯಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ವರ್ಷಗಟ್ಟಲೆ ಬಾಕಿಯಿರುವ ವರದಿಗಳೂ ಉಂಟು. ಆದರೆ ದಾಖಲಾಗದ ದೋಷದ ಕಡೆಗೆ ಯಾರ ಗಮನವೂ ಹರಿಯುವ ಸಂಭವ ಕಡಿಮೆ. ಮೇಲಾಗಿ, ದೋಷ ಕಂಡ ದಿನಾಂಕ, ಅದನ್ನು ತಿಳಿಸಿದ ಸಂಖ್ಯೆ, ಅಲ್ಲಿಯವರೆಗೆ ಕೈಗೊಂಡ ಕ್ರಮ, ಇವುಗಳ ದಾಖಲೆ ಲೆಕ್ಕಪರಿಶೋಧನೆಯ ಸಮಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಹಣ ಕೊಟ್ಟು ಬೆಂಬಲ ಪಡೆಯುವುದೂ ಸರಿಯಾದ ಮಾರ್ಗವೇ. ಇ.ಆರ್.ಪಿ.ನೆಕ್ಸ್ಟ್‌ನಂತಹ ತಂತ್ರಾಂಶಗಳಿಗೆ ಅಂತಹ ಸೇವೆ ನೀಡುವವರಿದ್ದಾರೆ. ಬೆಂಗಳೂರಿನ ಜೆರೋಧಾ ಕಂಪನಿಯು ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು 2024ರಲ್ಲಿ ಪ್ರಕಟಿಸಿತು. ಆ ಪ್ರಮಾಣದ ನೆರವು ಎಲ್ಲರಿಗೂ ಸಾಧ್ಯವಿಲ್ಲ. ಸ್ಪಷ್ಟವಾದ ಒಂದು ವರದಿ ಎಲ್ಲರಿಗೂ ಸಾಧ್ಯ.

ಕನ್ನಡದ ತೊಡಕು ಮತ್ತು ವಾಣಿಜ್ಯ ಸಂಸ್ಥೆಗಳ ಪಾತ್ರ

ಉಳಿದಿರುವ ನಿಜವಾದ ಅಡ್ಡಿ ಭಾಷೆಯದು. ಈ ದಿನಚರಿಗಳ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗೋ ಪೀಣ್ಯದ ಯಂತ್ರಭಾಗಗಳ ತಯಾರಕನಿಗೋ ದೋಷವೇನೆಂದು ಚೆನ್ನಾಗಿ ಗೊತ್ತಿರುತ್ತದೆ, ಅದನ್ನು ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಸಂಕೋಚವಿರುತ್ತದೆ. ಹೀಗಾಗಿ ಅವರ ಅಡಚಣೆಗಳು ದಾಖಲಾಗುವುದೇ ಇಲ್ಲ, ದೊಡ್ಡ ನಗರದ ದೊಡ್ಡ ಕಂಪನಿಗಳ ಬೇಡಿಕೆಗಳಿಗನುಗುಣವಾಗಿ ತಂತ್ರಾಂಶ ಬೆಳೆಯುತ್ತದೆ. ಕನ್ನಡದಲ್ಲಿ ಮುದ್ರಿಸಿದ ಬಿಲ್ಲಿನಲ್ಲಿ ಒತ್ತಕ್ಷರ ಸ್ಥಾನ ತಪ್ಪಿದೆ ಅಥವಾ ಅರ್ಕಾವೊತ್ತು ಬೇರೆಯಾಗಿ ಬಂದಿದೆ ಎಂಬುದನ್ನು ಬರ್ಲಿನ್‌ನ ತಂತ್ರಜ್ಞ ಹೇಗೆ ತಾನೇ ಕಂಡಾನು? ಅದನ್ನು ಕನ್ನಡ ಓದಬಲ್ಲವರೇ ಹೇಳಬೇಕು.

ಈ ಕೊರತೆಯನ್ನು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಹೆಚ್ಚಿನ ಖರ್ಚಿಲ್ಲದೆ ನೀಗಿಸಬಹುದು. ಸದಸ್ಯರು ಕನ್ನಡದಲ್ಲಿಯೇ ಭರ್ತಿ ಮಾಡಬಹುದಾದ ಒಂದು ಪುಟದ ನಮೂನೆ, ಅವುಗಳನ್ನು ಪರಿಶೀಲಿಸಿ ಇಂಗ್ಲಿಷಿನಲ್ಲಿ ದಾಖಲಿಸಲು ವಾರಕ್ಕೆರಡು ದಿನ ಕುಳಿತುಕೊಳ್ಳುವ ಒಬ್ಬ ಸಹಾಯಕ, ಸ್ಥಳೀಯ ಎಂಜಿನಿಯರಿಂಗ್ ಅಥವಾ ವಾಣಿಜ್ಯ ಕಾಲೇಜಿನ ಕೆಲವು ವಿದ್ಯಾರ್ಥಿಗಳ ನೆರವು, ಇಷ್ಟಿದ್ದರೆ ಕೆಲಸ ಆರಂಭವಾಗುತ್ತದೆ. ಒಂದೇ ದೋಷ ಹತ್ತು ಸದಸ್ಯರಿಗಿದ್ದರೆ ಹತ್ತು ಗೊಣಗಾಟಗಳ ಬದಲು ಹತ್ತು ಸಾಕ್ಷ್ಯಗಳುಳ್ಳ ಒಂದೇ ವರದಿ ಹೋಗುತ್ತದೆ. ದಾಖಲಾದ ಸಂಖ್ಯೆ ಮತ್ತು ಬಂದ ಉತ್ತರವನ್ನು ಮಾಸಪತ್ರಿಕೆಯಲ್ಲಿ ಪ್ರಕಟಿಸಿದರೆ ಉಳಿದ ಸದಸ್ಯರಿಗೂ ಪ್ರಯೋಜನ.

ರಸ್ತೆ, ವಿದ್ಯುತ್, ತೆರಿಗೆಗಳ ಕುರಿತು ಸರಕಾರಕ್ಕೆ ಮನವಿ ಸಲ್ಲಿಸುವುದು ಇಂತಹ ಸಂಸ್ಥೆಗಳ ಹಳೆಯ ಕರ್ತವ್ಯ. ಇಂದು ಸದಸ್ಯರ ಬಿಲ್ಲು, ದಾಸ್ತಾನು, ಲೆಕ್ಕಗಳೆಲ್ಲ ಸಾಗುವುದು ತಂತ್ರಾಂಶವೆಂಬ ರಸ್ತೆಯ ಮೇಲೆ. ಅಲ್ಲಿ ಹೊಂಡ ಬಿದ್ದಾಗ ಪಕ್ಕಕ್ಕೆ ಸರಿದು ಹೋಗುವುದು ಆ ದಿನಕ್ಕೆ ಸುಲಭ. ಹೊಂಡ ಎಲ್ಲಿದೆ, ಎಷ್ಟು ಆಳವಿದೆ ಎಂದು ಬರೆದು ತಿಳಿಸಿದರೆ ಮರುದಿನ ಬರುವವನಿಗೂ ಅನುಕೂಲ, ತಿಳಿಸಿದವನ ಬಂಡಿಗೂ ಕ್ಷೇಮ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ನಮೂನೆಯ ವಿಷಯ ಚರ್ಚೆಗೆ ಬರುವುದು ಸೂಕ್ತ.